ಶ್ವಾಸಕೋಶಾರ್ಬುದವೂ ಸ್ಥಾಲೀಪುಲಾಕನ್ಯಾಯವೂ

೧

ಶಾಸ್ತ್ರವ್ಯವಹಾರದಲ್ಲಿ ಸ್ಥಾಲೀಪುಲಾಕನ್ಯಾಯವು ಸುಪ್ರಸಿದ್ಧವಾದುದು. ಗಡಿಗೆಯಲ್ಲಿ ಬೇಯುತ್ತಿರುವ ಅಕ್ಕಿಯೆಲ್ಲವೂ ಅನ್ನವಾಯಿತೇ ಎಂಬುದನ್ನು ತಿಳಿಯಲು ಒಂದೊಂದು ಅಗುಳನ್ನೂ ಹಿಸುಕಿ ನೋಡಬೇಕಾಗಿಲ್ಲ. ಒಂದನ್ನು ಬೆರಳಿನಿಂದ ಒತ್ತಿ ನೋಡಿದರೆ ಸಾಕು. ಪತಂಜಲಿಯ ಮಹಾಭಾಷ್ಯದಷ್ಟು ಪ್ರಾಚೀನವಾದ ಗ್ರಂಥದಲ್ಲಿಯೇ ಈ ದೃಷ್ಟಾಂತವು ಕಾಣಬರುತ್ತದೆ. ಅಡಿಗೆಯ ಮನೆಯಲ್ಲಿ ಹುಟ್ಟಿ ಶಾಸ್ತ್ರದ ಚಾವಡಿಗೆ ಬಂದ ಈ ನ್ಯಾಯವು ಮೂರು ಸಂಗತಿಗಳನ್ನು ಬಾಯಿಬಿಟ್ಟು ಹೇಳದೆಯೇ ಒಪ್ಪಿಕೊಂಡಿದೆ: ಅಕ್ಕಿಯೆಲ್ಲವೂ ಒಂದೇ ಜಾತಿಯದು, ನೀರು ಎಲ್ಲಕ್ಕೂ ಒಂದೇ, ಉರಿಯು ಎಲ್ಲ ಕಡೆಗೂ ಸಮನಾಗಿ ತಗುಲಿದೆ. ಇವುಗಳಲ್ಲಿ ಒಂದು ತಪ್ಪಿದರೂ ಮೇಲಿನ ಅಗುಳು ತಳದ ಅನ್ನಕ್ಕೆ ಸಾಕ್ಷಿಯಾಗಲಾರದು. ಹಳೆಯ ಅಕ್ಕಿಗೆ ಹೊಸ ಅಕ್ಕಿಯನ್ನು ಬೆರಸಿ ಬೇಯಿಸಿದವರಿಗೆ ಇದು ಅನುಭವದ ಮಾತು.

ಆಧುನಿಕ ವೈದ್ಯವು ಈ ನ್ಯಾಯವನ್ನು ದಿನದಿನವೂ ಪ್ರಯೋಗಿಸುತ್ತಲಿದೆ. ಶ್ವಾಸಕೋಶದಲ್ಲಿ ಗಂಟು ಕಂಡುಬಂದ ರೋಗಿಯ ಎದೆಯೊಳಕ್ಕೆ ಸೂಜಿಯನ್ನು ಚುಚ್ಚಿಯೋ, ಶ್ವಾಸನಾಳದೊಳಕ್ಕೆ ನಳಿಗೆಯನ್ನು ಇಳಿಸಿಯೋ, ಎಳ್ಳಿನಷ್ಟು ಮಾಂಸವನ್ನು ತೆಗೆಯುತ್ತಾರೆ. ಬಯಾಪ್ಸಿಯೆಂದು ಹೆಸರಾದ ಈ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದರಲ್ಲಿ ಇಂಥ ಸೂಚಕದ್ರವ್ಯವು ಉಂಟು ಅಥವಾ ಇಲ್ಲವೆಂದು ನಿರ್ಣಯಿಸಿ, ಆ ನಿರ್ಣಯದ ಮೇಲೆ ಔಷಧವನ್ನು ಗೊತ್ತುಮಾಡುತ್ತಾರೆ. ಒಂದು ಘನ ಸೆಂಟಿಮೀಟರಿನಷ್ಟು ಅರ್ಬುದದಲ್ಲಿ ಹತ್ತು ಕೋಟಿಯಿಂದ ನೂರು ಕೋಟಿಯವರೆಗೆ ಜೀವಕೋಶಗಳಿರುವುವೆಂದು ಗಣನೆ. ಅವುಗಳ ಪೈಕಿ ಕೆಲವು ನೂರು ಅಥವಾ ಕೆಲವು ಸಾವಿರ ಕೋಶಗಳ ಸಾಕ್ಷ್ಯದಿಂದ ಸಮಸ್ತದ ಸ್ವಭಾವವನ್ನು ಹೇಳಬೇಕಾಗಿದೆ. ಈ ಅಗುಳು ಗಡಿಗೆಗೆ ಸಾಕ್ಷಿಯೇ? ಸಾಕ್ಷಿಯಾದರೆ ಯಾವ ವಿಷಯದಲ್ಲಿ, ಎಷ್ಟರ ಮಟ್ಟಿಗೆ? ಈ ಪ್ರಶ್ನೆಯು ವೈದ್ಯರಲ್ಲಿ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಯಾವ ಉತ್ತರವನ್ನು ಪಡೆಯಿತು ಎಂಬುದರ ಚರಿತ್ರೆಯೇ ಪ್ರಕೃತ ಲೇಖನದ ವಿಷಯ.

೨

ಅರ್ಬುದವೆಂಬ ಶಬ್ದವು ಸುಶ್ರುತಸಂಹಿತೆಯಿಂದ ಬಂದುದು. ನಿದಾನಸ್ಥಾನದ ೧೧ನೆಯ ಅಧ್ಯಾಯದಲ್ಲಿ ದುಂಡಾಗಿ, ಗಟ್ಟಿಯಾಗಿ, ಆಳವಾಗಿ ಬೇರೂರಿ, ನಿಧಾನವಾಗಿ ಬೆಳೆದು, ಕೀವುಗೂಡದೆ ಇರುವ ಬಾವಿಗೆ ಈ ಹೆಸರನ್ನು ಕೊಟ್ಟಿದೆ. ಒಂದು ಅರ್ಬುದದ ಮೇಲೆ ಹುಟ್ಟುವ ಮತ್ತೊಂದಕ್ಕೆ ಅಧ್ಯರ್ಬುದವೆಂದೂ, ಜೊತೆಯಾಗಿ ಹುಟ್ಟುವ ಎರಡಕ್ಕೆ ದ್ವಿರರ್ಬುದವೆಂದೂ ಸಂಜ್ಞೆಗಳುಂಟು. ಆದರೆ ಇವು ಕಣ್ಣಿಗೂ ಕೈಗೂ ಗೋಚರವಾಗುವ ಭೇದಗಳು. ಒಂದೇ ಅರ್ಬುದದೊಳಗಿನ ಕೋಶಕೋಶಗಳ ಭೇದವು ಆ ಕಾಲಕ್ಕೆ ಗೋಚರವಾಗುವಂತಿರಲಿಲ್ಲ. ಇಂದಿನ ವಿಚಾರವೆಲ್ಲವೂ ಅಲ್ಲಿಯೇ ಅಡಗಿತ್ತೆಂದು ಹೇಳುವುದು ಸಂಹಿತೆಗೂ ಉಪಕಾರವಲ್ಲ, ವಿಜ್ಞಾನಕ್ಕೂ ಉಪಕಾರವಲ್ಲ. ಹೆಸರನ್ನು ಅಲ್ಲಿಂದ ಪಡೆದು, ವಸ್ತುವಿನ ವಿಚಾರಕ್ಕೆ ಹತ್ತೊಂಬತ್ತನೆಯ ಶತಮಾನದ ಜರ್ಮನಿಗೆ ಹೋಗಬೇಕಾಗುತ್ತದೆ.

ಕ್ರಿ. ಶ. ೧೮೫೮ರಲ್ಲಿ ಬರ್ಲಿನ್ನಿನ ರೂಡಾಲ್ಫ್ ವಿರ್ಚೋ ಎಂಬ ವೈದ್ಯನು ತನ್ನ ಉಪನ್ಯಾಸಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿ, ರೋಗಕ್ಕೆ ಆಶ್ರಯವು ಜೀವಕೋಶವೆಂದೂ, ಪ್ರತಿಯೊಂದು ಕೋಶವೂ ಮತ್ತೊಂದು ಕೋಶದಿಂದಲೇ ಹುಟ್ಟುವುದೆಂದೂ ಪ್ರತಿಪಾದಿಸಿದನು. ಅರ್ಬುದವೂ ಕೋಶಗಳ ಸಂತಾನವೇ ಎಂಬುದು ಅಂದಿನಿಂದ ಸ್ಥಿರವಾಯಿತು. ಆತನಿಗೆ ಸಹಾಯಕನಾಗಿದ್ದ ಡೇವಿಡ್ ಹಾನ್ಸೆಮಾನ್ ಎಂಬುವನು ೧೮೯೦ರಲ್ಲಿ ಇನ್ನೊಂದು ಹೆಜ್ಜೆಯನ್ನು ಮುಂದಿಟ್ಟನು. ಅರ್ಬುದದ ಕೋಶಗಳು ಇಬ್ಭಾಗವಾಗುವಾಗ ವರ್ಣತಂತುಗಳು ಎರಡು ಮರಿಕೋಶಗಳಿಗೆ ಸಮನಾಗಿ ಹಂಚಿಕೆಯಾಗದಿರುವುದನ್ನು ಅವನು ಕಂಡನು. ತಾಯಿಯ ಸೊತ್ತು ಇಬ್ಬರು ಮಕ್ಕಳಿಗೆ ಸಮಪಾಲಾಗದೆ ಹೋದಲ್ಲಿ ಆ ಮಕ್ಕಳು ಸಮಾನರಾಗಿರಲಾರರಷ್ಟೆ. ಥಿಯೊಡೋರ್ ಬೊವೆರಿಯು ೧೯೧೪ರಲ್ಲಿ ಈ ವಿಷಮವಿಭಾಗವನ್ನೇ ಮಾರಕಾರ್ಬುದಗಳ ಉತ್ಪತ್ತಿಗೆ ಕಾರಣವೆಂದು ಊಹಿಸಿ ಒಂದು ಗ್ರಂಥವನ್ನು ಬರೆದನು. ಒಂದೇ ಗಡಿಗೆಯ ಅಕ್ಕಿಯು ಒಂದೇ ಜಾತಿಯದಾಗಿರದೆಂಬ ಶಂಕೆಯ ಬೀಜವು ಇಲ್ಲಿಯೇ ಬಿದ್ದಿತ್ತು. ಆದರೆ ಅದು ಮೊಳೆಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಆಗಿನ ದಿನಗಳಲ್ಲಿ ಶ್ವಾಸಕೋಶಾರ್ಬುದವು ವೈದ್ಯರ ಕಣ್ಣಿಗೆ ಬೀಳುತ್ತಿದ್ದುದೇ ಅಪರೂಪ. ಐಸಾಕ್ ಆಡ್ಲರ್ ಎಂಬ ವೈದ್ಯನು ೧೯೧೨ರಲ್ಲಿ ಲೋಕದ ವೈದ್ಯಗ್ರಂಥಗಳನ್ನೆಲ್ಲ ಶೋಧಿಸಿ ೩೭೪ ಪ್ರಸಂಗಗಳನ್ನು ಮಾತ್ರ ಕೂಡಿಸಲು ಶಕ್ತನಾದನು. ಮುಂದೆ ಸಿಗರೇಟಿನ ಸೇವನೆಯು ಹಬ್ಬಿದಂತೆ ಈ ರೋಗವೂ ಹಬ್ಬಿತು. ೧೯೩೩ರಲ್ಲಿ ಅಮೆರಿಕದ ಶಸ್ತ್ರವೈದ್ಯ ಎವಾರ್ಟ್ಸ್ ಗ್ರಹಾಮನು ಕ್ಯಾನ್ಸರಿನ ನಿಮಿತ್ತ ಒಂದು ಪಕ್ಕದ ಶ್ವಾಸಕೋಶವನ್ನು ಸಂಪೂರ್ಣವಾಗಿ ತೆಗೆದು ರೋಗಿಯನ್ನು ಬದುಕಿಸಿದನು. ೧೯೫೦ರಲ್ಲಿ ಇದೇ ಗ್ರಹಾಮನೂ ವೈಂಡರನೂ ಅಮೆರಿಕದಲ್ಲಿ, ಡಾಲ್ ಮತ್ತು ಹಿಲ್ ಎಂಬುವರು ಇಂಗ್ಲೆಂಡಿನಲ್ಲಿ, ಧೂಮಪಾನಕ್ಕೂ ಶ್ವಾಸಕೋಶಾರ್ಬುದಕ್ಕೂ ಇರುವ ಸಂಬಂಧವನ್ನು ಅಂಕಿಗಳಿಂದ ತೋರಿಸಿದರು. ಸ್ವತಃ ಧೂಮಪಾನಿಯಾಗಿದ್ದ ಗ್ರಹಾಮನು ೧೯೫೭ರಲ್ಲಿ ಅದೇ ರೋಗಕ್ಕೆ ತುತ್ತಾದನು.

ರೋಗವು ಹೆಚ್ಚಿದಂತೆ ಅದಕ್ಕೆ ಹೆಸರುಗಳನ್ನು ಕ್ರಮಪಡಿಸುವ ಅವಶ್ಯಕತೆಯೂ ಹೆಚ್ಚಿತು. ವಿಶ್ವ ಆರೋಗ್ಯ ಸಂಸ್ಥೆಯು ೧೯೬೭ರಲ್ಲಿ ಶ್ವಾಸಕೋಶಾರ್ಬುದಗಳ ಮೊದಲನೆಯ ವರ್ಗೀಕರಣವನ್ನು ಪ್ರಕಟಿಸಿತು. ಗ್ರಂಥಿಗಳಂತೆ ಜೋಡಣೆಗೊಂಡುದು ಒಂದು, ಚರ್ಮದ ಹೊದಿಕೆಯಂತೆ ಚಪ್ಪಟೆಯಾದ ಕೋಶಗಳುಳ್ಳದು ಒಂದು, ಸಣ್ಣ ಕೋಶಗಳದು ಒಂದು, ದೊಡ್ಡ ಕೋಶಗಳದು ಇನ್ನೊಂದು, ಎಂದು ಮುಖ್ಯ ವರ್ಗಗಳು ಏರ್ಪಟ್ಟವು. ಒಂದೇ ಅರ್ಬುದದಲ್ಲಿ ಗ್ರಂಥಿರೂಪವೂ ಚಪ್ಪಟೆರೂಪವೂ ಬೆರೆತಿರುವುದನ್ನು ರೋಗಶಾಸ್ತ್ರಜ್ಞರು ಕಾಣದೆ ಇರಲಿಲ್ಲ. ಅದಕ್ಕೂ ಒಂದು ಮಿಶ್ರನಾಮವನ್ನು ಇಟ್ಟರು. ಎಂದರೆ, ಭೇದವನ್ನು ಕಂಡರು, ಆದರೆ ಭೇದಕ್ಕೆ ಹೆಸರು ಕೊಟ್ಟು ಅದನ್ನೂ ಒಂದು ಜಾತಿಯನ್ನಾಗಿ ಮಾಡಿ ಸುಮ್ಮನಾದರು. ಒಂದು ಅರ್ಬುದಕ್ಕೆ ಒಂದು ಹೆಸರು, ಒಂದು ಹೆಸರಿಗೆ ಒಂದು ಚಿಕಿತ್ಸೆ ಎಂಬ ನಿಯಮವು ಅಬಾಧಿತವಾಗಿ ಉಳಿಯಿತು.

೩

ಈ ನಿಯಮವನ್ನು ಬುಡದಿಂದ ಅಲುಗಿಸಿದುದು ೧೯೭೬ರಲ್ಲಿ ಪೀಟರ್ ನೋವೆಲ್ ಎಂಬ ಅಮೆರಿಕದ ವಿದ್ವಾಂಸನು ಪ್ರಕಟಿಸಿದ ಒಂದು ಲೇಖನ. ಅರ್ಬುದವು ಒಂದೇ ಮೂಲಕೋಶದಿಂದ ಹುಟ್ಟುತ್ತದೆ; ಆದರೆ ಅದರ ಸಂತಾನದಲ್ಲಿ ಹೊಸ ಹೊಸ ವಿಕಾರಗಳು ತಲೆದೋರುತ್ತಲೇ ಇರುತ್ತವೆ; ಬದುಕಲು ಹೆಚ್ಚು ಯೋಗ್ಯವಾದ ಕವಲು ಹೆಚ್ಚುತ್ತದೆ, ಉಳಿದುದು ಅಳಿಯುತ್ತದೆ; ಹೀಗೆ ಡಾರ್ವಿನನು ಪ್ರಾಣಿವರ್ಗಗಳಲ್ಲಿ ಕಂಡ ಕ್ರಮವೇ ಒಬ್ಬ ರೋಗಿಯ ದೇಹದೊಳಗೆ ಕೆಲವು ವರ್ಷಗಳಲ್ಲಿ ನಡೆದುಹೋಗುತ್ತದೆ, ಎಂಬುದು ಆತನ ಮತ. ಈ ಮತದಂತೆ ಅರ್ಬುದವು ಒಂದು ವಸ್ತುವಲ್ಲ, ಒಂದು ವಂಶ. ವಂಶದ ಒಬ್ಬ ವ್ಯಕ್ತಿಯನ್ನು ನೋಡಿದರೆ ಮೂಲಪುರುಷನ ಗುರುತು ಸಿಕ್ಕೀತು. ದಾಯಾದಿಗಳೆಲ್ಲರ ಗುಣವೂ ಸಿಕ್ಕುವುದಿಲ್ಲ.

ಮರುವರ್ಷವೇ, ೧೯೭೭ರಲ್ಲಿ, ಫಿಡ್ಲರ್ ಮತ್ತು ಕ್ರಿಪ್ಕೆ ಎಂಬುವರು ಇದಕ್ಕೆ ಪ್ರಯೋಗದ ಬೆಂಬಲವನ್ನು ಒದಗಿಸಿದರು. ಇಲಿಗಳಲ್ಲಿ ಬೆಳೆಸಿದ ಒಂದು ಬಗೆಯ ಚರ್ಮಾರ್ಬುದದಿಂದ ಒಂದೊಂದೇ ಕೋಶವನ್ನು ಬೇರ್ಪಡಿಸಿ, ಒಂದೊಂದರ ಸಂತತಿಯನ್ನೂ ಬೇರೆ ಬೇರೆಯಾಗಿ ಬೆಳೆಸಿ, ಮತ್ತೆ ಇಲಿಗಳ ರಕ್ತದೊಳಕ್ಕೆ ಸೇರಿಸಿದರು. ಕೆಲವು ಸಂತತಿಗಳು ಶ್ವಾಸಕೋಶದಲ್ಲಿ ಹೇರಳವಾಗಿ ನೆಲಸಿದವು. ಕೆಲವು ಬಹು ಕಡಮೆಯಾಗಿ ನೆಲಸಿದವು. ಎಲ್ಲವೂ ಒಂದೇ ಅರ್ಬುದದಿಂದ ಬಂದವುಗಳಾದರೂ ಹರಡುವ ಶಕ್ತಿಯಲ್ಲಿ ಮೊದಲಿನಿಂದಲೇ ಭಿನ್ನವಾಗಿದ್ದುವೆಂದು ಇದರಿಂದ ಸಿದ್ಧವಾಯಿತು. ೧೯೮೪ರಲ್ಲಿ ಗ್ಲೋರಿಯಾ ಹೆಪ್ನರ್ ಎಂಬ ವಿದುಷಿಯು ಅಲ್ಲಿಯವರೆಗಿನ ವಿಚಾರಗಳನ್ನು ಕ್ರೋಡೀಕರಿಸಿ, ಅರ್ಬುದದ ಆಂತರಿಕ ಭೇದವೆಂಬುದನ್ನೇ ಒಂದು ಸ್ವತಂತ್ರ ವಿಷಯವನ್ನಾಗಿ ನಿರೂಪಿಸಿದಳು.

ಇಷ್ಟಾದರೂ ಇದು ಪ್ರಯೋಗಶಾಲೆಯ ಮಾತಾಗಿಯೇ ಇತ್ತು. ಏಕೆಂದರೆ, ಆ ಕಾಲದ ಔಷಧಗಳು ಬೇಗಬೇಗನೆ ಇಬ್ಭಾಗವಾಗುವ ಕೋಶಗಳನ್ನೆಲ್ಲ ಸಾಮಾನ್ಯವಾಗಿ ಹೊಡೆಯುವಂಥವು. ಕೋಶದಲ್ಲಿ ಇಂಥ ಗುರುತು ಇದೆಯೇ ಎಂದು ಕೇಳಿ ಕೊಡುವ ಔಷಧವೇ ಇಲ್ಲದಿರುವಾಗ ಗುರುತಿನ ಏರುಪೇರನ್ನು ಕುರಿತು ಚಿಕಿತ್ಸಕನು ಚಿಂತಿಸಬೇಕಾದ ಕಾರಣವೂ ಇರಲಿಲ್ಲ. ಗುರುತನ್ನು ಹುಡುಕುವ ಉಪಾಯವೂ, ಗುರುತನ್ನು ನೋಡಿ ಹೊಡೆಯುವ ಔಷಧವೂ ದೊರೆತ ಮೇಲೆಯೇ ಪ್ರಶ್ನೆಯು ರೋಗಿಯ ಹಾಸಿಗೆಯ ಬಳಿಗೆ ಬಂದಿತು.

೪

ತರ್ಕಶಾಸ್ತ್ರದಲ್ಲಿ ಕಾಣದ ಸಾಧ್ಯವನ್ನು ತಿಳಿಸುವ ಕಾಣುವ ಗುರುತಿಗೆ ಲಿಂಗವೆಂದು ಹೆಸರು. ಹೊಗೆಯು ಬೆಂಕಿಗೆ ಲಿಂಗ. ವೈದ್ಯರು ಇಂದು ಜೈವಿಕ ಸೂಚಕವೆಂದು ಕರೆಯುವುದು ಇಂಥದೇ ಒಂದು ಲಿಂಗ. ಇಂಥ ಪ್ರೋಟೀನು ಕೋಶದ ಮೇಲೆ ಇದ್ದರೆ, ಅಥವಾ ಇಂಥ ಜೀನಿನಲ್ಲಿ ಇಂಥ ಉತ್ಪರಿವರ್ತನೆ ಇದ್ದರೆ, ಇಂಥ ಔಷಧವು ಫಲಿಸುವುದು ಎಂಬ ಅನುಮಾನಕ್ಕೆ ಅದು ಆಧಾರ.

ಪ್ರೋಟೀನುಗಳನ್ನು ಮಾಂಸದ ತೆಳುಪದರದಲ್ಲಿ ಕಣ್ಣಿಗೆ ಕಾಣುವಂತೆ ಮಾಡುವ ಉಪಾಯಕ್ಕೆ ಆಲ್ಬರ್ಟ್ ಕೂನ್ಸ್ ಎಂಬುವನು ೧೯೪೧ರಲ್ಲಿ ನಾಂದಿ ಹಾಡಿದನು. ದೇಹವು ಪರವಸ್ತುವನ್ನು ಗುರುತಿಸಿ ಹಿಡಿಯಲು ಉಂಟುಮಾಡುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಅಂಟಿಸಿದರೆ, ಅದು ಹಿಡಿದ ವಸ್ತು ಎಲ್ಲೆಲ್ಲಿದೆಯೆಂಬುದು ಸೂಕ್ಷ್ಮದರ್ಶಕದಲ್ಲಿ ತೋರುತ್ತದೆ. ೧೯೭೫ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬುವರು ಒಂದೇ ಸ್ವರೂಪದ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ಕ್ರಮವನ್ನು ಕಂಡುಹಿಡಿದು, ೧೯೮೪ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ೧೯೯೮ರಲ್ಲಿ ಕೊನೋನೆನ್ ಮೊದಲಾದವರು ನೂರಾರು ಅರ್ಬುದಗಳಿಂದ ೦.೬ ಮಿಲಿಮೀಟರ್ ವ್ಯಾಸದ ಕಡ್ಡಿಗಳನ್ನು ಕೊರೆದು ತೆಗೆದು, ಒಂದೇ ಮೇಣದ ಅಚ್ಚಿನಲ್ಲಿ ಸಾಲಾಗಿ ನೆಟ್ಟು, ಎಲ್ಲವನ್ನೂ ಒಮ್ಮೆಗೇ ಪರೀಕ್ಷಿಸುವ ವಿಧಾನವನ್ನು ತಂದರು. ಕೆಲಸವು ಬಹಳ ಹಗುರವಾಯಿತು. ಆದರೆ ಸಾಸುವೆಯಷ್ಟೂ ಅಗಲವಿಲ್ಲದ ಕಡ್ಡಿಯು ಇಡೀ ಅರ್ಬುದಕ್ಕೆ ಪ್ರತಿನಿಧಿಯಾಗುವುದೇ ಎಂಬ ಆಕ್ಷೇಪವೂ ಆ ಕ್ಷಣದಿಂದಲೇ ಆರಂಭವಾಯಿತು. ಒಂದು ಅರ್ಬುದದಿಂದ ಎರಡು ಮೂರು ಕಡ್ಡಿಗಳನ್ನು ತೆಗೆಯುವ ಪದ್ಧತಿಯು ಈ ಆಕ್ಷೇಪಕ್ಕೆ ಕೊಟ್ಟ ಸಮಾಧಾನ.

ಶ್ವಾಸಕೋಶದ ವಿಷಯದಲ್ಲಿ ಲಿಂಗವಿಚಾರವು ಗೆಫಿಟಿನಿಬ್ ಎಂಬ ಗುಳಿಗೆಯಿಂದ ಮಹತ್ತ್ವವನ್ನು ಪಡೆಯಿತು. ಜಪಾನಿನಲ್ಲಿ ೨೦೦೨ರಲ್ಲಿಯೂ ಅಮೆರಿಕದಲ್ಲಿ ೨೦೦೩ರಲ್ಲಿಯೂ ಮಾನ್ಯತೆಯನ್ನು ಪಡೆದ ಈ ಔಷಧವು, ಕೋಶದ ಬೆಳವಣಿಗೆಗೆ ಸಂಕೇತವನ್ನು ಕೊಡುವ ಇ.ಜಿ.ಎಫ್.ಆರ್. ಎಂಬ ಪ್ರೋಟೀನನ್ನು ತಡೆಯುವಂಥದು. ಆ ಪ್ರೋಟೀನು ಹೆಚ್ಚಾಗಿರುವ ಅರ್ಬುದದಲ್ಲಿ ಔಷಧವು ಹೆಚ್ಚಾಗಿ ಫಲಿಸಬೇಕೆಂಬುದು ಸಹಜವಾದ ನಿರೀಕ್ಷೆ. ಆದರೆ ಹಾಗಾಗಲಿಲ್ಲ. ಹೆಚ್ಚಿನ ರೋಗಿಗಳಲ್ಲಿ ಗುಳಿಗೆಯು ನಿಷ್ಫಲವಾಯಿತು. ಕೆಲವರಲ್ಲಿ, ಮುಖ್ಯವಾಗಿ ಧೂಮಪಾನ ಮಾಡದವರಲ್ಲಿ, ಸ್ತ್ರೀಯರಲ್ಲಿ, ಪೂರ್ವ ಏಷ್ಯದವರಲ್ಲಿ, ಆಶ್ಚರ್ಯವಾಗುವಷ್ಟು ಗುಣವು ಕಂಡಿತು. ೨೦೦೪ರಲ್ಲಿ ಅಮೆರಿಕದ ಮೂರು ವಿದ್ವತ್ಸಮೂಹಗಳು ಇದರ ಕಾರಣವನ್ನು ಬಿಡಿಸಿದವು. ಪ್ರೋಟೀನಿನ ಪ್ರಮಾಣವಲ್ಲ, ಅದರ ಜೀನಿನಲ್ಲಿರುವ ಉತ್ಪರಿವರ್ತನೆಯೇ ನಿಜವಾದ ಲಿಂಗ. ಲಿಂಚ್ ಮೊದಲಾದವರ ಪರೀಕ್ಷೆಯಲ್ಲಿ ಗುಣ ಹೊಂದಿದ ೯ ಮಂದಿಯಲ್ಲಿ ೮ ಮಂದಿಗೆ ಈ ಉತ್ಪರಿವರ್ತನೆಯಿತ್ತು. ಗುಣ ಹೊಂದದ ೭ ಮಂದಿಯಲ್ಲಿ ಒಬ್ಬರಿಗೂ ಇರಲಿಲ್ಲ. ೨೦೦೯ರಲ್ಲಿ ಏಷ್ಯದ ೧೨೧೭ ರೋಗಿಗಳಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲವು ಪ್ರಕಟವಾದಾಗ ಸಂಶಯವು ಉಳಿಯಲಿಲ್ಲ: ಉತ್ಪರಿವರ್ತನೆಯುಳ್ಳವರಲ್ಲಿ ನೂರಕ್ಕೆ ೭೧ ಮಂದಿಯ ಅರ್ಬುದವು ಗೆಫಿಟಿನಿಬ್ಬಿನಿಂದ ಕುಗ್ಗಿತು, ಇಲ್ಲದವರಲ್ಲಿ ನೂರಕ್ಕೆ ಒಬ್ಬರದು ಮಾತ್ರ. ಇಲ್ಲದವರಿಗೆ ಈ ಗುಳಿಗೆಗಿಂತ ಹಳೆಯ ಔಷಧಗಳೇ ಲೇಸಾಗಿದ್ದುವು.

ಇಲ್ಲಿಯೇ ವಿಷಯದ ಗಾಂಭೀರ್ಯವು ವ್ಯಕ್ತವಾಗುತ್ತದೆ. ತುಣುಕಿನಲ್ಲಿ ಉತ್ಪರಿವರ್ತನೆಯಿಲ್ಲವೆಂದು ತಪ್ಪಾಗಿ ಹೇಳಿದರೆ ಗುಣ ಹೊಂದಬಹುದಾದವನು ಔಷಧದಿಂದ ವಂಚಿತನಾಗುತ್ತಾನೆ. ಇದೆಯೆಂದು ತಪ್ಪಾಗಿ ಹೇಳಿದರೆ ಫಲವಿಲ್ಲದ ಔಷಧವನ್ನು ನುಂಗುತ್ತ ಅಮೂಲ್ಯವಾದ ತಿಂಗಳುಗಳನ್ನು ಕಳೆಯುತ್ತಾನೆ. ಹಾಗಾದರೆ ಈ ಲಿಂಗವು ಅರ್ಬುದದ ಎಲ್ಲ ಭಾಗಗಳಲ್ಲಿಯೂ ಇರುವುದೇ? ೨೦೦೮ರಲ್ಲಿ ಜಪಾನಿನ ಕೆಲವರು ಒಂದೇ ಅರ್ಬುದದಲ್ಲಿ ಉತ್ಪರಿವರ್ತನೆಯುಳ್ಳ ಕೋಶಗಳೂ ಇಲ್ಲದ ಕೋಶಗಳೂ ಬೆರೆತಿರುವ ಪ್ರಸಂಗಗಳನ್ನು ವರದಿಮಾಡಿದರು. ಇದು ಪೂರ್ವಪಕ್ಷ. ೨೦೧೧ರಲ್ಲಿ ಅದೇ ದೇಶದ ಯತಬೆ ಮೊದಲಾದವರು ಇದನ್ನು ಪುನಃ ಪರೀಕ್ಷಿಸಿ, ಇಂಥ ಮಿಶ್ರಣವು ಅತಿವಿರಳವೆಂದೂ, ಜೀನಿನ ಪ್ರತಿಗಳು ಒಂದೆಡೆ ಹೆಚ್ಚಾಗಿ ಮತ್ತೊಂದೆಡೆ ಕಡಮೆಯಾಗಿರುವುದರಿಂದ ಪರೀಕ್ಷೆಯ ಕಣ್ಣಿಗೆ ಭೇದವಿರುವಂತೆ ಭಾಸವಾಗಬಹುದೆಂದೂ ಸಿದ್ಧಾಂತಮಾಡಿದರು. ಈ ಲಿಂಗದ ಮಟ್ಟಿಗೆ ಸ್ಥಾಲೀಪುಲಾಕನ್ಯಾಯವು ಬಹುಮಟ್ಟಿಗೆ ನಿಂತಿತು.

೫

ಆದರೆ ಜೀನಿನ ಉತ್ಪರಿವರ್ತನೆಯು ಬೇರೆ, ಪ್ರೋಟೀನಿನ ಅಭಿವ್ಯಕ್ತಿಯು ಬೇರೆ. ಉತ್ಪರಿವರ್ತನೆಯು ಕುಲಕ್ಕೆ ಬಂದ ಗುರುತು. ಒಮ್ಮೆ ಬಂದರೆ ಸಾಮಾನ್ಯವಾಗಿ ಸಂತತಿಯಲ್ಲೆಲ್ಲ ಉಳಿಯುತ್ತದೆ. ಅಭಿವ್ಯಕ್ತಿಯು ಮುಖದ ಮೇಲಿನ ಭಾವದಂತೆ. ನೆರೆಹೊರೆಯನ್ನು ಅನುಸರಿಸಿ ಏರುತ್ತದೆ, ಇಳಿಯುತ್ತದೆ. ಈ ಭೇದವು ಪಿ.ಡಿ.-ಎಲ್.೧ ಎಂಬ ಸೂಚಕದ ಚರಿತ್ರೆಯಲ್ಲಿ ಸ್ಪಷ್ಟವಾಗುತ್ತದೆ.

ಜಪಾನಿನ ತಸುಕು ಹೊಂಜೋ ಎಂಬ ವಿದ್ವಾಂಸನ ಪ್ರಯೋಗಶಾಲೆಯು ೧೯೯೨ರಲ್ಲಿ ರಕ್ಷಕಕೋಶಗಳ ಮೇಲಿರುವ ಪಿ.ಡಿ.-೧ ಎಂಬ ಪ್ರೋಟೀನನ್ನು ಕಂಡುಹಿಡಿಯಿತು. ಇದು ರಕ್ಷಕಕೋಶದ ಉಗ್ರತೆಯನ್ನು ತಗ್ಗಿಸುವ ಕಡಿವಾಣ. ಅರ್ಬುದದ ಕೋಶಗಳು ತಮ್ಮ ಮೇಲ್ಮೈಯಲ್ಲಿ ಪಿ.ಡಿ.-ಎಲ್.೧ ಎಂಬ ಪ್ರೋಟೀನನ್ನು ತಾಳಿ, ಆ ಕಡಿವಾಣವನ್ನು ಎಳೆದು, ತಮ್ಮನ್ನು ಕೊಲ್ಲಲು ಬಂದವರನ್ನು ನಿಲ್ಲಿಸುತ್ತವೆ. ಈ ಬಂಧವನ್ನು ಬಿಡಿಸುವ ಪ್ರತಿಕಾಯಗಳು ಔಷಧಗಳಾಗಿ ಬಂದವು. ಹೊಂಜೋ ಮತ್ತು ಜೇಮ್ಸ್ ಆಲಿಸನ್ ಇವರಿಗೆ ೨೦೧೮ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ೨೦೧೬ರಲ್ಲಿ ಪ್ರಕಟವಾದ ೩೦೫ ರೋಗಿಗಳ ಒಂದು ಪರೀಕ್ಷೆಯಲ್ಲಿ, ಅರ್ಬುದಕೋಶಗಳ ನೂರಕ್ಕೆ ೫೦ಕ್ಕೆ ಕಡಮೆಯಿಲ್ಲದಷ್ಟು ಭಾಗದಲ್ಲಿ ಪಿ.ಡಿ.-ಎಲ್.೧ ಇದ್ದವರಿಗೆ ಪೆಂಬ್ರೊಲಿಜುಮಾಬ್ ಎಂಬ ಔಷಧವು ಹಳೆಯ ಚಿಕಿತ್ಸೆಗಿಂತ ಹೆಚ್ಚಿನ ಆಯುಸ್ಸನ್ನು ಕೊಟ್ಟಿತು. ಅಂದಿನಿಂದ ೪೯ಕ್ಕೂ ೫೦ಕ್ಕೂ ನಡುವಿನ ಗೆರೆಯು ಅನೇಕರ ಚಿಕಿತ್ಸೆಯನ್ನು ಬೇರ್ಪಡಿಸುವ ಗೆರೆಯಾಯಿತು.

ಈ ಗೆರೆಯನ್ನು ಎಳೆಯುವುದಾದರೂ ಹೇಗೆ? ಪರೀಕ್ಷೆಗೆ ಕಡಮೆಯೆಂದರೆ ೧೦೦ ಅರ್ಬುದಕೋಶಗಳು ಬೇಕೆಂದು ನಿಯಮ. ಆ ನೂರು ಎಲ್ಲಿಂದ ಬಂದವು ಎಂಬುದೇ ಫಲವನ್ನು ನಿರ್ಣಯಿಸಬಹುದು. ರಕ್ಷಕಕೋಶಗಳು ಮುತ್ತಿಗೆ ಹಾಕಿರುವ ಅಂಚಿನಲ್ಲಿ, ಅವು ಸುರಿಸುವ ಇಂಟರ್‌ಫೆರಾನ್ ಎಂಬ ದ್ರವ್ಯದ ಪ್ರೇರಣೆಯಿಂದ, ಅರ್ಬುದಕೋಶಗಳು ಪಿ.ಡಿ.-ಎಲ್.೧ನ್ನು ಹೆಚ್ಚಾಗಿ ತಾಳುತ್ತವೆ. ಮುತ್ತಿಗೆಯಿಲ್ಲದ ಕಡೆಯಲ್ಲಿ ಅದು ಇಲ್ಲದಿರಬಹುದು. ಒಂದೇ ಗಡಿಗೆಯಲ್ಲಿ ಉರಿಯು ಒಂದು ಪಕ್ಕಕ್ಕೆ ಮಾತ್ರ ತಗುಲಿದಂತಾಯಿತು. ಫ್ರಾನ್ಸಿನಲ್ಲಿ ನಡೆದು ೨೦೧೬ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ೧೬೦ ರೋಗಿಗಳ ಬಯಾಪ್ಸಿಯ ತುಣುಕನ್ನೂ, ಆಮೇಲೆ ಶಸ್ತ್ರಕ್ರಿಯೆಯಿಂದ ತೆಗೆದ ಪೂರ್ಣ ಅರ್ಬುದವನ್ನೂ ಹೋಲಿಸಿ ನೋಡಿದಾಗ, ನೂರಕ್ಕೆ ೪೮ರಷ್ಟು ಕಡೆ ಎರಡರ ಸಾಕ್ಷ್ಯವೂ ಹೊಂದಲಿಲ್ಲ. ತಪ್ಪೆಲ್ಲವೂ ತುಣುಕು ಕಡಮೆ ಹೇಳಿದುದರಿಂದ ಆದುದು. ಅಲ್ಲಿ ರಕ್ಷಕಕೋಶಗಳ ಬಣ್ಣವನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಅರ್ಬುದಕೋಶಗಳನ್ನು ಮಾತ್ರ ಎಣಿಸಿದ ಬೇರೆ ಕೆಲವು ಪರಿಶೀಲನೆಗಳಲ್ಲಿ ಹೊಂದಿಕೆಯು ಇದಕ್ಕಿಂತ ಬಹಳ ಚೆನ್ನಾಗಿ ಕಂಡಿತು. ಆದುದರಿಂದ ಭೇದವು ವಸ್ತುವಿನಲ್ಲಿ ಎಷ್ಟು, ಎಣಿಸುವ ಕ್ರಮದಲ್ಲಿ ಎಷ್ಟು ಎಂಬುದನ್ನು ಬೇರ್ಪಡಿಸುವುದೂ ಅವಶ್ಯವಾಯಿತು.

ಇದರ ಜೊತೆಗೆ ಇನ್ನೊಂದು ತೊಡಕು. ನಾಲ್ಕು ಔಷಧಗಳನ್ನು ತಯಾರಿಸಿದವರು ನಾಲ್ಕು ಬೇರೆ ಬೇರೆ ಪ್ರತಿಕಾಯಗಳಿಂದ ಒಂದೇ ಪಿ.ಡಿ.-ಎಲ್.೧ನ್ನು ಅಳೆಯುತ್ತಿದ್ದರು. ೨೦೧೭ರಲ್ಲಿ ಇವುಗಳನ್ನು ಒಂದೇ ಅರ್ಬುದಗಳ ಮೇಲೆ ಪ್ರಯೋಗಿಸಿ ನೋಡಲಾಯಿತು. ಮೂರು ಪ್ರತಿಕಾಯಗಳು ಬಹುಮಟ್ಟಿಗೆ ಒಂದೇ ಮಾತನ್ನು ಹೇಳಿದವು. ನಾಲ್ಕನೆಯದು ಕಡಮೆ ಕೋಶಗಳನ್ನು ಬಣ್ಣಿಸಿತು. ೩೮ ಅರ್ಬುದಗಳಲ್ಲಿ ೧೪ಕ್ಕೆ, ಯಾವ ಪ್ರತಿಕಾಯವನ್ನು ಯಾವ ಗೆರೆಯೊಂದಿಗೆ ಆರಿಸಿಕೊಂಡರೆಂಬುದರ ಮೇಲೆ ನಿರ್ಣಯವೇ ಬದಲಾಗುವಂತಿತ್ತು. ಅಳೆಯುವ ಕೊಳಗವೇ ಊರೂರಿಗೆ ಬೇರೆಯಾದರೆ ರಾಶಿಯ ವಿಚಾರವಾಗಿ ವಾದವು ಮುಗಿಯಲಾರದು.

೬

ಅರ್ಬುದದ ಒಳಭೇದವನ್ನು ಕ್ರಮವಾಗಿ ಅಳೆಯುವ ಪ್ರಯತ್ನಕ್ಕೆ ೨೦೧೨ರಲ್ಲಿ ಲಂಡನ್ನಿನಲ್ಲಿ ಗೆರ್ಲಿಂಗರ್, ಸ್ವಾಂಟನ್ ಮೊದಲಾದವರು ಪ್ರಕಟಿಸಿದ ಲೇಖನವು ದಾರಿತೋರಿಸಿತು. ಅವರು ಆರಿಸಿಕೊಂಡುದು ಮೂತ್ರಪಿಂಡದ ಅರ್ಬುದವನ್ನು. ಒಂದೇ ಅರ್ಬುದದ ಹಲವು ಭಾಗಗಳಿಂದ ತುಣುಕುಗಳನ್ನು ತೆಗೆದು ಜೀನುಗಳನ್ನು ಓದಿದಾಗ, ಉತ್ಪರಿವರ್ತನೆಗಳಲ್ಲಿ ನೂರಕ್ಕೆ ೬೩ರಿಂದ ೬೯ರಷ್ಟು ಎಲ್ಲ ಭಾಗಗಳಲ್ಲಿಯೂ ಕಾಣಿಸಲಿಲ್ಲ. ೨೦೧೪ರಲ್ಲಿ ಇದೇ ವಿಧಾನವನ್ನು ಶ್ವಾಸಕೋಶಕ್ಕೆ ಅನ್ವಯಿಸಿದರು. ಜಾಂಗ್ ಮೊದಲಾದವರು ೧೧ ಅರ್ಬುದಗಳ ೪೮ ಭಾಗಗಳನ್ನು ಓದಿದಾಗ ಚಿತ್ರವು ಸ್ವಲ್ಪ ಬೇರೆಯಾಗಿ ಕಂಡಿತು: ಉತ್ಪರಿವರ್ತನೆಗಳಲ್ಲಿ ನೂರಕ್ಕೆ ೭೬ರಷ್ಟು ಎಲ್ಲ ಭಾಗಗಳಿಗೂ ಸಾಮಾನ್ಯವಾಗಿದ್ದುವು, ಕ್ಯಾನ್ಸರಿಗೆ ಕಾರಣವೆಂದು ಪ್ರಸಿದ್ಧವಾದ ಜೀನುಗಳ ೨೧ ಉತ್ಪರಿವರ್ತನೆಗಳಲ್ಲಿ ೨೦ ಎಲ್ಲೆಡೆಯೂ ಇದ್ದುವು. ೨೦೧೭ರಲ್ಲಿ ಇಂಗ್ಲೆಂಡಿನ ಟ್ರೇಸರೆಕ್ಸ್ ಎಂಬ ಮಹಾಯೋಜನೆಯ ಮೊದಲ ೧೦೦ ರೋಗಿಗಳ ೩೨೭ ಭಾಗಗಳ ವಿವರವು ಹೊರಬಂದಿತು. ಇ.ಜಿ.ಎಫ್.ಆರ್. ಮೊದಲಾದ ಕೆಲವು ಜೀನುಗಳ ವಿಕಾರಗಳು ಬಹುಶಃ ಯಾವಾಗಲೂ ಬುಡದಲ್ಲಿಯೇ ಇರುವುವೆಂದೂ, ತಡವಾಗಿ ಹುಟ್ಟಿ ಕೆಲವು ಕವಲುಗಳಲ್ಲಿ ಮಾತ್ರ ಇರುವ ಕಾರಕವಿಕಾರಗಳು ನೂರಕ್ಕೆ ೭೫ಕ್ಕೂ ಹೆಚ್ಚು ಅರ್ಬುದಗಳಲ್ಲಿ ಇರುವುವೆಂದೂ ಅದರಿಂದ ತಿಳಿಯಿತು. ವರ್ಣತಂತುಗಳ ಪ್ರತಿಗಳಲ್ಲಿ ಭಾಗಭಾಗಕ್ಕೂ ಏರುಪೇರು ಹೆಚ್ಚಾಗಿರುವ ಅರ್ಬುದವು ಮರುಕಳಿಸುವ ಭಯವೂ ಹೆಚ್ಚೆಂದು ಕಂಡುಬಂತು. ಹಾನ್ಸೆಮಾನನು ೧೮೯೦ರಲ್ಲಿ ಕಂಡ ವಿಷಮವಿಭಾಗವೇ ಇಲ್ಲಿ ಅಂಕಿಯ ರೂಪವನ್ನು ತಾಳಿ ಬಂದಂತಿದೆ. ೨೦೨೩ರಲ್ಲಿ ಈ ಯೋಜನೆಯು ೪೨೧ ರೋಗಿಗಳಿಗೆ ವಿಸ್ತರಿಸಿತು.

ಈ ಪರಿಶೀಲನೆಗಳ ಫಲವನ್ನು ಒಂದು ಮರದ ಚಿತ್ರವಾಗಿ ಬರೆಯುವುದು ವಾಡಿಕೆ. ಎಲ್ಲ ಭಾಗಗಳಿಗೂ ಸಾಮಾನ್ಯವಾದ ವಿಕಾರಗಳು ಬೊಡ್ಡೆ. ಕೆಲವಕ್ಕೆ ಮಾತ್ರ ಸೇರಿದುವು ಕೊಂಬೆಗಳು. ಈ ಮರವು ಪ್ರಾಚೀನ ಗ್ರಂಥಗಳ ಸಂಪಾದಕರಿಗೆ ಅಪರಿಚಿತವಲ್ಲ. ಒಂದು ಕೃತಿಯ ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡು, ಎಲ್ಲದರಲ್ಲಿಯೂ ಇರುವ ಪಾಠವು ಮೂಲಕ್ಕೆ ಸಮೀಪವೆಂದೂ, ಒಂದು ಶಾಖೆಯಲ್ಲಿ ಮಾತ್ರ ಕಾಣುವುದು ಆಮೇಲೆ ಸೇರಿದುದೆಂದೂ ನಿರ್ಣಯಿಸುವುದು ಅವರ ನಿತ್ಯದ ಕೆಲಸ. ಸುಕ್‌ಠಣಕರರು ೧೯೩೩ರಲ್ಲಿ ಪುಣೆಯಿಂದ ಪ್ರಕಟಿಸಿದ ಆದಿಪರ್ವದ ಸಂಶೋಧಿತ ಪಾಠವು ಉತ್ತರ ದಕ್ಷಿಣ ಶಾಖೆಗಳ ಇಂಥ ಪರಾಮರ್ಶೆಯ ಮೇಲೆಯೇ ನಿಂತಿದೆ. ಲಿಪಿಕಾರನ ಒಂದು ತಪ್ಪು ಅವನ ಪ್ರತಿಯಿಂದ ಇಳಿದ ಪ್ರತಿಗಳಿಗೆಲ್ಲ ಬರುವಂತೆ, ಒಂದು ಕೋಶದ ಒಂದು ವಿಕಾರವು ಅದರ ಸಂತತಿಗೆಲ್ಲ ಬರುತ್ತದೆ. ಇದು ಬರಿಯ ಉಪಮೆಯೂ ಅಲ್ಲ. ೧೯೯೮ರಲ್ಲಿ ಇಂಗ್ಲಿಷ್ ಕವಿ ಚಾಸರನ ಕ್ಯಾಂಟರ್ಬರಿ ಕಥೆಗಳ ಒಂದು ಭಾಗದ ೫೮ ಹಸ್ತಪ್ರತಿಗಳ ವಂಶವೃಕ್ಷವನ್ನು, ಜೀವಿಗಳ ವಂಶವನ್ನು ನಿರ್ಣಯಿಸುವ ಗಣಿತದಿಂದಲೇ ವಿದ್ವಾಂಸರು ರಚಿಸಿ ತೋರಿಸಿದರು.

ಸಂಪಾದಕನು ಒಂದೇ ಹಸ್ತಪ್ರತಿಯಿಂದ ಕೃತಿಯ ಮೂಲಪಾಠವನ್ನು ಹೇಳಹೊರಟರೆ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ರೋಗಿಯ ಶ್ವಾಸಕೋಶದಿಂದ ಹತ್ತು ಕಡೆ ಮಾಂಸವನ್ನು ತೆಗೆಯುವುದು ಶಕ್ಯವಲ್ಲ. ರಕ್ತಸ್ರಾವದ, ಶ್ವಾಸಕೋಶವು ಕುಸಿಯುವ ಅಪಾಯವುಂಟು. ವೈದ್ಯನಿಗೆ ದೊರೆಯುವುದು ಅನೇಕ ವೇಳೆ ಒಂದು ಹರಿದ ಗರಿ ಮಾತ್ರ. ಆ ಒಂದು ಗರಿಯಿಂದ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬ ವಿವೇಕವೇ ಇಲ್ಲಿ ಶಾಸ್ತ್ರ.

೭

ತಾರ್ಕಿಕರು ಹೇತ್ವಾಭಾಸಗಳನ್ನು ವಿಂಗಡಿಸುವಾಗ ಭಾಗಾಸಿದ್ಧಿಯೆಂಬ ಒಂದು ದೋಷವನ್ನು ಹೇಳುತ್ತಾರೆ. ಪಕ್ಷದ ಒಂದು ಭಾಗದಲ್ಲಿ ಮಾತ್ರ ಹೇತುವಿದ್ದು ಉಳಿದ ಭಾಗದಲ್ಲಿ ಇಲ್ಲದಿದ್ದರೆ ಈ ದ�ೋಷವು ಬರುತ್ತದೆ. ಪೃಥಿವಿ ಮೊದಲಾದ ನಾಲ್ಕು ಬಗೆಯ ಪರಮಾಣುಗಳೂ ನಿತ್ಯ, ಗಂಧವುಳ್ಳವಾದುದರಿಂದ, ಎಂದರೆ, ಗಂಧವು ಪೃಥಿವಿಯ ಪರಮಾಣುವಿನಲ್ಲಿ ಮಾತ್ರ ಇರುವುದರಿಂದ ಉಳಿದ ಮೂರರ ವಿಷಯದಲ್ಲಿ ಹೇತುವು ನಿಲ್ಲುವುದಿಲ್ಲ. ಕವಲಿನಲ್ಲಿ ಮಾತ್ರ ಇರುವ ಸೂಚಕದಿಂದ ಇಡೀ ಅರ್ಬುದವನ್ನು ಕುರಿತು ಅನುಮಾನಿಸಿದರೆ ಆಗುವುದು ಇದೇ ದೋಷ. ಔಷಧವು ಆ ಕವಲನ್ನು ಕಡಿದೀತು. ಉಳಿದ ಕವಲುಗಳು ತೆರವಾದ ಜಾಗದಲ್ಲಿ ಹಬ್ಬಿಯಾವು.

ಗೆಫಿಟಿನಿಬ್ಬಿನ ಮುಂದಿನ ಕಥೆಯೂ ಇದನ್ನೇ ತೋರಿಸುತ್ತದೆ. ಬುಡದಲ್ಲಿಯೇ ಇರುವ ಲಿಂಗವನ್ನು ಹಿಡಿದು ಹೊಡೆದರೂ, ಬಹುಮಟ್ಟಿಗೆ ಒಂದು ವರ್ಷದ ಸುಮಾರಿಗೆ ಅರ್ಬುದವು ಮತ್ತೆ ಬೆಳೆಯತೊಡಗುತ್ತಿತ್ತು. ೨೦೦೫ರಲ್ಲಿ ಇದಕ್ಕೆ ಕಾರಣವಾದ ಎರಡನೆಯ ಉತ್ಪರಿವರ್ತನೆಯೊಂದು, ಟಿ.೭೯೦ಎಂ. ಎಂಬುದು, ಗೊತ್ತಾಯಿತು. ಮರುಕಳಿಸಿದವರಲ್ಲಿ ಸುಮಾರು ಅರ್ಧ ಮಂದಿಗೆ ಇದೇ ಕಾರಣ. ಇದು ಕೆಲವರಲ್ಲಿ ಚಿಕಿತ್ಸೆಯ ಮೊದಲೇ ಅತ್ಯಲ್ಪಸಂಖ್ಯೆಯ ಕೋಶಗಳಲ್ಲಿ ಅಡಗಿರುತ್ತದೆ. ಇದನ್ನೂ ತಡೆಯುವ ಓಸಿಮರ್ಟಿನಿಬ್ ಎಂಬ ಔಷಧವು ೨೦೧೫ರಲ್ಲಿ ಅಮೆರಿಕದಲ್ಲಿ ಮಾನ್ಯವಾಯಿತು.

ಒಂದೇ ಗರಿಯ ಕಷ್ಟವನ್ನು ಪರಿಹರಿಸಲು ರಕ್ತವನ್ನೇ ಪರೀಕ್ಷಿಸುವ ಮಾರ್ಗವೂ ತೆರೆಯಿತು. ರಕ್ತದ ದ್ರವದಲ್ಲಿ ಕೋಶದಿಂದ ಹೊರಬಿದ್ದ ನ್ಯೂಕ್ಲಿಯಿಕ್ ಆಮ್ಲಗಳಿರುವುದನ್ನು ೧೯೪೮ರಲ್ಲಿಯೇ ಫ್ರಾನ್ಸಿನ ಮಾಂಡೆಲ್ ಮತ್ತು ಮೆತೆ ಎಂಬುವರು ತಿಳಿಸಿದ್ದರು. ಅರ್ಬುದದ ಎಲ್ಲ ಕವಲುಗಳಿಂದಲೂ ಉದುರಿದ ಎಲೆಗಳು ಒಂದೇ ಹೊಳೆಯಲ್ಲಿ ತೇಲಿಬರುವಂತೆ ಇವು ರಕ್ತದಲ್ಲಿ ಬರುತ್ತವೆ. ೨೦೧೬ರಲ್ಲಿ ಇ.ಜಿ.ಎಫ್.ಆರ್. ಉತ್ಪರಿವರ್ತನೆಯನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆಗೆ ಅಮೆರಿಕದಲ್ಲಿ ಮಾನ್ಯತೆ ದೊರೆತಾಗ ಅದರೊಂದಿಗೆ ಒಂದು ನಿಬಂಧನೆಯೂ ಬಂದಿತು: ರಕ್ತದಲ್ಲಿ ಕಂಡರೆ ಅದನ್ನು ನಂಬಿ ಔಷಧವನ್ನು ಕೊಡಬಹುದು, ಕಾಣದಿದ್ದರೆ ಮಾಂಸದ ತುಣುಕನ್ನು ಪರೀಕ್ಷಿಸಬೇಕು. ಹೊಳೆಯಲ್ಲಿ ಎಲೆಯು ಕಂಡರೆ ಮರವುಂಟೆಂಬುದು ಸಿದ್ಧ. ಕಾಣದಿದ್ದರೆ ಮರವಿಲ್ಲವೆಂಬುದು ಸಿದ್ಧವಲ್ಲ.

ವಿರ್ಚೋವಿನಿಂದ ಟ್ರೇಸರೆಕ್ಸಿನವರೆಗೆ ನೂರರವತ್ತು ವರ್ಷಗಳಿಗೂ ಮೀರಿದ ಈ ಚರಿತ್ರೆಯಲ್ಲಿ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದು, ಅಗುಳಿನ ಸಾಕ್ಷ್ಯವು ಎಲ್ಲ ಸೂಚಕಗಳಿಗೂ ಸಮಾನವಲ್ಲ. ಬೊಡ್ಡೆಯ ಉತ್ಪರಿವರ್ತನೆಗೆ ಅದು ಬಹುಮಟ್ಟಿಗೆ ಸಾಕು, ನೆರೆಹೊರೆಯನ್ನು ಅನುಸರಿಸುವ ಪ್ರೋಟೀನಿನ ಅಭಿವ್ಯಕ್ತಿಗೆ ಸಾಲದು. ಎರಡನೆಯದು, ತುಣುಕಿನಲ್ಲಿ ಕಂಡುದು ಅಲ್ಲಿ ಅದು ಇರುವುದಕ್ಕೆ ಪ್ರಮಾಣ. ಕಾಣದಿದ್ದುದು ಎಲ್ಲಿಯೂ ಇಲ್ಲದಿರುವುದಕ್ಕೆ ಪ್ರಮಾಣವಲ್ಲ. ಮೂರನೆಯದು, ವಸ್ತುವಿನ ಭೇದವನ್ನು ಅಳತೆಯ ಭೇದದಿಂದ ಬೇರ್ಪಡಿಸದೆ ಯಾವ ಸಂಖ್ಯೆಯನ್ನೂ ಸಿದ್ಧಾಂತವೆಂದು ಹಿಡಿಯಲಾಗದು. ಸ್ಥಾಲೀಪುಲಾಕನ್ಯಾಯವು ಇದರಿಂದ ಸುಳ್ಳಾಗಲಿಲ್ಲ. ಅದರ ಅಧಿಕಾರವು ಎಲ್ಲಿಯವರೆಗೆ ಎಂಬುದು ಗೊತ್ತಾಯಿತು. ರೋಗಶಾಸ್ತ್ರಜ್ಞನು ತನ್ನ ವರದಿಯಲ್ಲಿ ನೂರಕ್ಕೆ ಇಷ್ಟು ಎಂಬ ಅಂಕಿಯನ್ನು ಬರೆಯುವಾಗ ಗಡಿಗೆಯ ಯಾವ ಪಕ್ಕದ ಅಗುಳನ್ನು ನೋಡಿದೆನೆಂಬುದನ್ನೂ ಕೂಡ ಬರೆದರೆ, ಓದುವ ವೈದ್ಯನಿಗೆ ಆ ಅಂಕಿಯ ಅರ್ಥವು ಪೂರ್ಣವಾಗುತ್ತದೆ. ಔಷಧಕ್ಕಾಗಿ ಕಾದಿರುವವನಿಗೆ ನ್ಯಾಯವೂ ದೊರೆಯುತ್ತದೆ.